ಮೂರನೆಯ ಕಿಂಡಿ

ಓಹಾಯೋ ನದಿಗೆ ಬೆನ್ನು ಕೊಟ್ಟು ಕೂತಿದೆ ಕೌಂಟಿ ಕಚೇರಿ.
ಮೂರನೆಯ ಕಿಂಡಿಯ ಗಾಜಿಗೆ ಅಂಟಿಸಿದ ಹಾಳೆ
ಅಂಚಿನಲ್ಲಿ ಸುರುಳಿ ಸುತ್ತಿಕೊಂಡಿದೆ:
ಕಾರ್ಡಿನಲ್ಲಿ ಕಟ್ಟಿದರೆ ನೂರಕ್ಕೆ ಎರಡೂಮುಕ್ಕಾಲು,
ಕನಿಷ್ಠ ಎರಡು ಡಾಲರು.

ಡಾರ್ಲೀನ್ ಹನ್ನೊಂದು ವರ್ಷದಿಂದ ಈ ಕಿಂಡಿಯಲ್ಲಿದ್ದಾಳೆ.
ಮಾತು ಮಾತ್ರ ಹೋದ ಮಾರ್ಚ್‌ನಿಂದ ಹೊಸದು:
"ಕಾರ್ಡಾದರೆ ಅನುಕೂಲ ಶುಲ್ಕ ತಗಲುತ್ತದೆ.
ಅದು ಕೌಂಟಿಗೆ ಬರುವುದಿಲ್ಲ.
ಒಪ್ಪಿಗೆಯೇ?"
ಮೂರೂ ವಾಕ್ಯ ಹೇಳಲೇಬೇಕು, ದಿನಕ್ಕೆ ನಲವತ್ತು ಸಲ.
ರಾತ್ರಿ ಗಂಡ ಉಪ್ಪು ಕೇಳಿದರೂ
ಬಾಯಿಗೆ ಬರುವುದು ಅದೇ, ಒಪ್ಪಿಗೆಯೇ.

ಹೋಬರ್ಟ್ ಮಲಿನ್ಸ್ ಬಂದ, ಟೋಪಿ ಕೈಯಲ್ಲಿ.
ತಮ್ಮ ತೀರಿಕೊಂಡದ್ದಕ್ಕೆ ದಾಖಲೆ, ಮೂರು ಪ್ರತಿ.
ಬ್ಯಾಂಕಿಗೊಂದು, ವಿಮೆಗೊಂದು,
ತಮ್ಮ ಬಿಟ್ಟುಹೋದ ಪಿಕಪ್ ಟ್ರಕ್ಕಿಗೊಂದು.
ಮೂವತ್ತಾರು ಡಾಲರು.
ಚೆಕ್ಕಾದರೆ ಶುಲ್ಕವಿಲ್ಲ. ಚೆಕ್ ಪುಸ್ತಕ ಅವನ ಮನೆಯಲ್ಲಿ
ಕೊನೆಗೆ ಕಂಡದ್ದು ಗಣಿ ಮುಚ್ಚಿದ ವರ್ಷ.
ನಗದಾದರೂ ಶುಲ್ಕವಿಲ್ಲ. ನಗದಿಗೆ
ಪೆಟ್ರೋಲ್ ಬಂಕಿನ ಎಟಿಎಂ, ಅದು ಕಚ್ಚುವುದು ಮೂರೂವರೆ.
ಲೆಕ್ಕ ಹಾಕುತ್ತ ಅವನ ತುಟಿ ಅಲುಗುವುದು
ಗಾಜಿನೊಳಗಿಂದ ಕಾಣುತ್ತಿತ್ತು.
"ಯಾರ ಅನುಕೂಲ, ಮೇಡಂ?" ಎಂದ.
ಸಿಟ್ಟಿನಿಂದಲ್ಲ,
ದಾರಿ ಕೇಳುವವನ ಹಾಗೆ.

ಕನ್ನಡಕ್ಕೆ ತರಹೊರಟರೆ ಈ ಪದ ನನ್ನನ್ನೇ ತಡೆದು ನಿಲ್ಲಿಸುತ್ತದೆ.
ಕೂಲವೆಂದರೆ ದಡ. ದಡ ಹಿಡಿದು ಹೋದರೆ ಅನುಕೂಲ,
ಎದುರಾದರೆ ಪ್ರತಿಕೂಲ.
ಅನುಕೂಲಸ್ಥರೆಂದರೆ ನಮ್ಮಲ್ಲಿ ಉಳ್ಳವರು;
ಅವರು ಇಲ್ಲಿಯೂ ಚರ್ರನೆ ಚೆಕ್ಕು ಹರಿದು ಕೊಟ್ಟು
ಬಿಡಿಗಾಸು ಹೆಚ್ಚು ತೆರದೆ ಹೊರಟುಹೋಗುತ್ತಾರೆ.
ಅನುಕೂಲಕ್ಕೆ ಕಂದಾಯ ಕಟ್ಟುವುದು ಅದು ಇಲ್ಲದವರ ಪಾಲು.

ಮೆಟ್ಟಿಲ ಗೋಡೆಯಲ್ಲೊಂದು ಹಿತ್ತಾಳೆ ಪಟ್ಟಿ, ಎದೆಮಟ್ಟಕ್ಕೆ:
ಅಜ್ಜಂದಿರ ಕಾಲದ ನೆರೆ ಅಲ್ಲಿಯವರೆಗೆ ಬಂದಿತ್ತಂತೆ.
ಆಗ ಗುಮಾಸ್ತರು ಕಡತ ಹೊತ್ತು ಮಹಡಿ ಹತ್ತಿ
ದೋಣಿಯಲ್ಲಿ ಬಂದವರಿಗೆ ಕಿಟಕಿಯಿಂದಲೇ
ಮುದ್ರೆ ಒತ್ತಿ ಕೊಟ್ಟರಂತೆ.
ದಡವೇ ಇರಲಿಲ್ಲ ಅಂದು.
ಅದರ ಹೆಸರಿನ ಶುಲ್ಕವೂ ಇರಲಿಲ್ಲ.

ಹೋಬರ್ಟ್ ಕಾರ್ಡು ಕೊಟ್ಟ. ರಸೀದಿ ಎರಡು ಬಂದವು.
ಒಂದು ಕೌಂಟಿಯದು. ಇನ್ನೊಂದರಲ್ಲಿ
ಕೇಳರಿಯದ ಕಂಪನಿ, ಕಾಣದ ರಾಜ್ಯದ ಊರು,
'ನಮ್ಮನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದ.'
ಅವನು ಅದನ್ನು ತಮ್ಮನ ಹೆಸರಿನ ಜೊತೆ
ನಾಲ್ಕಾಗಿ ಮಡಚಿ ಜೇಬಿಗಿಟ್ಟ.

ಶುಕ್ರವಾರ ಊಟದ ಬಿಡುವಿನಲ್ಲಿ
ಡಾರ್ಲೀನ್ ಹಿಂಬಾಗಿಲಿಂದ ಹೊರಬಿದ್ದು
ಕಟ್ಟಡ ಸುತ್ತಿ ಮುಂಬಾಗಿಲಿಗೆ ಬಂದಳು. ಚೀಟಿ ಹರಿದುಕೊಂಡಳು.
ಐವತ್ತೆಂಟು.
ಚಕ್ರ ಕಳಚಿಟ್ಟ ಟ್ರೇಲರ್ ಮನೆಯ ತೆರಿಗೆಗೆ ಅಂದೇ ಕೊನೆಯ ದಿನ,
ಸಂಬಳಕ್ಕೆ ಇನ್ನೂ ಐದು ದಿನ.
ಕಿಂಡಿಯಲ್ಲಿ ಹೊಸ ಹುಡುಗಿ ಟೆಸ್ಸಾ.
ನೂರ ಎಂಬತ್ತನಾಲ್ಕು.
"ಕಾರ್ಡಾದರೆ..." ಎಂದು ತೊಡಗಿ ನಿಂತಳು ಹುಡುಗಿ.
"ಗೊತ್ತು ಮಗೂ."
"ಮೂರೂ ಹೇಳಬೇಕು," ಎಂದಳು ಟೆಸ್ಸಾ,
ಕಣ್ಣು ಮೂಲೆಯ ಕ್ಯಾಮರಾದ ಮೇಲೆ.
"ನೀವೇ ಕಲಿಸಿದ್ದು."

ಹೇಳಿದಳು. ಎರಡನೆಯ ವಾಕ್ಯಕ್ಕೆ ದನಿ ತಗ್ಗಿತು.
ಅಷ್ಟು ಹೊತ್ತು ಡಾರ್ಲೀನ್ ಓದಿದ್ದು ಗಾಜಿನ ಮೇಲಿನ ಹಾಳೆಯನ್ನು.
ಇಷ್ಟು ದಿನ ಒಳಗಿಂದ ಕಂಡದ್ದು ಅದರ ಬಿಳಿಯ ಬೆನ್ನು ಮಾತ್ರ.
ಅಡಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದರು:
ಯಾರಿಗೆ?
ಕೈಯಲ್ಲಿದ್ದ ಪೆನ್ಸಿಲಿನ ತುದಿಗೆ ರಬ್ಬರಿತ್ತು.
ಅಳಿಸುವುದು ಅವಳ ಕೆಲಸವೇ, ಒಂದು ಲೆಕ್ಕಕ್ಕೆ.

"ಒಪ್ಪಿಗೆಯೇ?" ಎಂದಿತು ಗಾಜು.

ಐದು ಡಾಲರು, ಆರು ಸೆಂಟು.
ಆರು ಸೆಂಟಿನ ಮೇಲೆ ಅವಳಿಗೆ ಯಾಕೋ ವಿಪರೀತ ಕೋಪ ಬಂತು.

ಒಂದು ಗಂಟೆಗೆ ಮರಳಿ ಕುರ್ಚಿಯಲ್ಲಿ ಕೂತು,
ಸ್ಯಾಂಡ್‌ವಿಚ್ ಪೊಟ್ಟಣ ಬಿಚ್ಚದೆ ಬದಿಗೆ ಸರಿಸಿ
ಕರೆದಳು: ಅರವತ್ತನಾಲ್ಕು.
ಹಾಳೆಯ ಬಿಳಿಯ ಬೆನ್ನು ಮುಖಕ್ಕೆ ನೇರ.
ಬಿಸಿಲು ಬಿದ್ದಾಗ
ಪೆನ್ಸಿಲಿನ ಗೆರೆ, ತಿರುಗುಮುರುಗಾಗಿ,
ಈಚೆಗೂ ಮೂಡುತ್ತದೆ.