ನಲವತ್ತು ಹೆಜ್ಜೆ

ನಾನು ಬಾಳೆಲೆಯ ಈ ಒಕ್ಕಕ್ಕೆ ಬಂದ ವರ್ಷ
ಬೊಳ್ಳವ್ವಜ್ಜಿ ಹೇಳಿದ್ದು ಇಷ್ಟೇ:
ಸತ್ತವರು ಎಲ್ಲಿಗೂ ಹೋಗುವುದಿಲ್ಲ ಮಗಳೇ,
ಕೈಮಡದಿಂದ ಅಡುಗೆಮನೆಗೆ ನಲವತ್ತು ಹೆಜ್ಜೆ,
ವಾಸನೆ ಹಿಡಿದು ಬರುತ್ತಾರೆ.
ಎಡೆಯ ಪಂದಿಗೆ ಕಾಚಂಪುಳಿ ಕಡಿಮೆಯಾಯಿತೋ
ಮೂರು ದಿನ ಒಲೆ ಹೊಗೆಯುತ್ತದೆ.

ಹಾಗೆಂದವಳು ಹೋದಾಗ
ಅಂಗಳದಲ್ಲಿ ಎರಡು ಗುಂಡು ಹಾರಿತು.
ಅವಳೂ ನಲವತ್ತು ಹೆಜ್ಜೆ ಆಚೆ ಹೋಗಿ ಕೂತಳು.
ಆ ವರ್ಷ ಪುಳಿ ಒಂದು ಚಮಚ ಹೆಚ್ಚೇ ಹಾಕಿದೆ.

ಆಮೇಲೆ ಮೇದಪ್ಪಣ್ಣ
ಗೋಣಿಕೊಪ್ಪದಲ್ಲಿ ಪ್ರವಚನ ಕೇಳಿ ಬಂದ,
ಭಾಗಮಂಡಲದಲ್ಲಿ ಪಿಂಡ ಬಿಟ್ಟು ಬಂದ,
ಒಕ್ಕದ ಸಭೆಯಲ್ಲಿ ಕನ್ನಡಕ ಒರೆಸುತ್ತ ಅಂದ:
ಆತ್ಮ ಕೈಮಡದಲ್ಲಿ ಕಾದು ಕೂರುವುದಿಲ್ಲ,
ಇನ್ನೊಂದು ಹೊಟ್ಟೆ ಹುಡುಕಿಕೊಳ್ಳುತ್ತದೆ.
ಇನ್ನು ಪಂದಿ ಬೇಡ, ಬ್ರಾಂದಿ ಬೇಡ,
ಹಣ್ಣುಕಾಯಿ ಸಾಕು.
ಹಿಂದಿನ ಬೆಂಚಿನಿಂದ ಯಾರೋ:
ಬ್ರಾಂದಿ ನಿಂತರೆ ಉತ್ತಯ್ಯಜ್ಜ
ಇನ್ನೊಂದು ಹೊಟ್ಟೆಗೆ ಹೋಗಿಯೇ ಹೋಗುತ್ತಾನೆ!
ನಕ್ಕರು. ನಿರ್ಣಯ ಬರೆದರು.

ಉತ್ತಯ್ಯಜ್ಜನ ಎಡಗಿವಿ ಹರಿದಿತ್ತು,
ಬೇಟೆಯಲ್ಲಿ ಎಂದು ಅವನೇ ಹೇಳಿದ್ದು.
ಲೈನ್‌ಮನೆಯ ಮುತ್ತೆಯ ಮಗು
ಎಡಗಿವಿ ಸೀಳಿಕೊಂಡೇ ಹುಟ್ಟಿದೆ.
ಹೆಣ್ಣು. ಈಗ ನಾಲ್ಕು ವರ್ಷ.
ಅಜ್ಜನ ಹಾಗೇ ನಾಲಿಗೆ ಮಡಚಿ ಲೊಟ್ಟೆ ಹೊಡೆಯುತ್ತದೆ,
ಯಾರು ಕರೆದರೂ ಏಳದ ನಮ್ಮ ಮುದಿನಾಯಿ
ಎದ್ದು ಹೋಗುತ್ತದೆ.

ಮೇದಪ್ಪಣ್ಣನಿಗೆ ಹೇಳಿದೆ.
ಪುನರ್ಜನ್ಮ ಇದೆ, ಅಂದ.
ಆದರೆ ಹಾಗಲ್ಲ.
ಹೇಗೆ ಅಂತ ನಾನು ಕೇಳಲಿಲ್ಲ,
ಅವನ ಕನ್ನಡಕ ಮತ್ತೆ ಕೈಗೆ ಬಂದಿತ್ತು.

ಮುತ್ತೆಗೂ ಹೇಳಿದೆ, ಮೆಲ್ಲಗೆ.
ಮೆಣಸು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ.
ನಿಮ್ಮಜ್ಜ ನಿಮ್ಮಲ್ಲೇ ಇರಲಿ ಅಕ್ಕಾ,
ಇವಳು ನನ್ನ ಅವ್ವ.
ಅವಳ ಕಿವಿಯೂ ಹರಿದಿತ್ತು, ಓಲೆಯ ಸಮೇತ.
ಯಾರು ಹರಿದದ್ದು ಅಂತ
ನಿಮ್ಮಜ್ಜನನ್ನೇ ಕೇಳಿ.

ಈ ಸಲ ಕಾರಣರ ದಿನ ಕೈಮಡದಲ್ಲಿ
ಬಾಳೆಹಣ್ಣು, ತೆಂಗಿನಕಾಯಿ, ಊದುಬತ್ತಿ.
ಎಲ್ಲರೂ ಹೋದ ಮೇಲೆ
ಒಂದು ಎಲೆ ಪಂದಿ ನಾನು ಇಟ್ಟು ಬಂದೆ.
ಪುಳಿ ಹಾಕಿರಲಿಲ್ಲ.
ಬೇಕೆಂದೇ.

ಅಡುಗೆಮನೆಯ ಗ್ಯಾಸು ಹೊಗೆಯಾಡುವುದಿಲ್ಲ,
ಹಾಗಾಗಿ ಹಿತ್ತಲಿನ ಮೂರುಕಲ್ಲಿನ ಒಲೆ ಹಚ್ಚಿ
ಮುಂದೆ ಕೂತೆ.
ಮೊದಲ ದಿನ ಏನೂ ಇಲ್ಲ.
ಎರಡನೆಯ ದಿನ ಹೊಗೆ ಎದ್ದಿತು,
ಕಣ್ಣು ಬಿಡಲಾಗದಷ್ಟು.
ಸೌದೆ ಹಸಿ ಇತ್ತು,
ಕಡಿದು ತಂದವಳು ನಾನೇ, ಗೊತ್ತು.

ಆದರೂ ಕೇಳಿದೆ.