ಎಸ್ಟೀಮಿನ ಮೂಗು

"ಏರಿನಾಗ ಉಸ್ರು ಹಿಡೀತದ ಮಾಬುನ್ನಿ,
ಸಂಡೂರು ಘಾಟಿನ ಎರಡನೇ ತಿರುವಿಗೆ
ಅದಿರಿನ ಲಾರಿ ಸೈತ ನನ್ನ ದಾಟಿ ಹೋಗ್ತದ"
ಅಂದ ಗಾದಿಲಿಂಗ. ನಾಚಿಕೆ ಅವನಿಗೆ,
ಕಾರಿಗಲ್ಲ.

ಕೌಲ್ ಬಜಾರಿನ ಮೇ ತಿಂಗಳು.
ಬಾನೆಟ್ ಮೇಲೆ ರೊಟ್ಟಿ ಬೇಯಿಸಬಹುದು.
ಇಂಥ ಬಿಸಿಗೆ ಗಾಳಿ ತೆಳು, ಮೂರು ಸಲ ನೀರು ಬೆರೆಸಿದ ಮಜ್ಜಿಗೆ;
ಕುಡಿದಷ್ಟೂ ಹೊಟ್ಟೆ ತುಂಬದು.
ಇಂಜಿನ್ನಿನ ಹಸಿವು ಪೆಟ್ರೋಲಿಗೆ ಅಂತ ಜನ ತಿಳಿದಿದ್ದಾರೆ.
ತೂಗಿ ನೋಡಿದರೆ, ಒಂದು ತುತ್ತು ಪೆಟ್ರೋಲಿಗೆ
ಹದಿನಾಲ್ಕು ತುತ್ತು ಗಾಳಿ ಬೇಕು ಅದಕ್ಕೆ.
ನಮ್ಮ ಅಬ್ಬಾ ದಸ್ತಗೀರ ಲೇತಿನ ಮುಂದೆ ನಿಲ್ಲಿಸಿಕೊಂಡು
ಮಗ್ಗಿ ಹಾಗೆ ಕಲಿಸಿದ್ದ ಇದನ್ನ.

ಡಬ್ಬಿ ಬಿಚ್ಚಿದೆ. ನಾಲ್ಕು ಕ್ಲಿಪ್ಪು.
ಫಿಲ್ಟರಿನ ಮಡಿಕೆ ಮಡಿಕೆಯಲ್ಲಿ
ದೋಣಿಮಲೈ ಪುಡಿಯಾಗಿ ಮಲಗಿತ್ತು.
ಒಂದು ಗುಬ್ಬಿಗರಿ. ಒಂದು ಬಸ್ ಟಿಕೇಟು, ಹೇಗೆ ಬಂತೋ.
ಆಮೇಲೆ ಮೂಗಿನ ಕೊಳವೆಗೆ ಕೈ ಹಾಕಿದರೆ
ಬಟ್ಟೆ.
ಸೀರೆಯ ತುಂಡು, ನಾಲ್ಕು ಪದರ,
ಕಿತ್ತಳೆ ದಾರದಿಂದ ಬಿಗಿದದ್ದು.
ಜೀನ್ಸಿನ ಜೇಬಿಗೆ ಹಾಕುವ ದಾರ.

ಓಣಿಗೆಲ್ಲ ಗೊತ್ತು ಹಂಪಮ್ಮ ಯಾವ ಯೂನಿಟ್ಟಿನಲ್ಲಿ
ದಿನಕ್ಕೆ ಎಷ್ಟು ಜೇಬು ಹೊಲಿಯುತ್ತಾಳೆ ಅಂತ.

"ನಾನೇ ಕಟ್ಟಿದ್ದು" ಅಂದಳು, ಕರೆಸಿದಾಗ.
"ನಳಕ್ಕ ಕಟ್ಟಂಗಿಲ್ಲೇನು? ನೀರಾಗ ಕೆಂಪು ಬರ್ತಿತ್ತು.
ಗಾಳ್ಯಾಗ ಬರೋದು ಅದೇ ಕೆಂಪಲ್ಲೇನು?
ಮೊದಲು ಒಂದೇ ಪದರ ಇತ್ತು, ಲಾರಿ ಹೆಚ್ಚಾದಂಗ ನಾಕು ಮಾಡಿದೆ.
ಹುಣ್ಣಿವಿಗೊಮ್ಮೆ ಬಿಚ್ಚಿ ಒಗೀತಿದ್ದೆ."
ಗಾದಿಲಿಂಗ ನೆಲ ನೋಡಿದ.
ಒಂಬತ್ತು ವರ್ಷ.
ನೀರು ಹಾಕಲು ಬಾನೆಟ್ ಎತ್ತಿದಾಗಲೂ
ಆ ಕಡೆ ತಿರುಗಿ ನೋಡಿದವನಲ್ಲ.

ನಗೋಣ ಅಂತ ಬಾಯಿ ತೆರೆದೆ.
ಅಷ್ಟರಲ್ಲಿ ಪ್ಲಗ್ಗಿನ ತೂತಿಗೆ ಬೆಳಕು ಬಿಟ್ಟು ನೋಡುತ್ತಿದ್ದ ಅಬ್ಬಾ
"ಇಲ್ಲಿ ಬಾ" ಅಂದ.
ಸಿಲಿಂಡರಿನ ಗೋಡೆ. ಒಂದು ಗೀರಿಲ್ಲ.
ಈ ರಸ್ತೆಯಲ್ಲಿ ಓಡಿದ ಯಾವ ಇಂಜಿನ್ನಿನ ಒಳಗೂ
ಅಂಥ ನುಣುಪು ಕಂಡವಳಲ್ಲ ನಾನು.

ಬಟ್ಟೆ ಕಿತ್ತೊಗೆದರೆ ಏರು ಹತ್ತೀತು, ಒಂದೆರಡು ವರ್ಷ.
ಬಿಟ್ಟರೆ ಲಾರಿಯ ಹಿಂದೆಯೇ.
ಅಬ್ಬಾ ಬೀಡಿ ಬಾಯಿಗಿಟ್ಟ, ಪೆಟ್ರೋಲು ನೆನಪಾಗಿ
ಕಿವಿಗೆ ಸಿಕ್ಕಿಸಿದ.
"ಜರಡಿ ತೆಳು ಮಾಡಬ್ಯಾಡ" ಅಂದ,
"ಅಗಲ ಮಾಡು."

ಗುಜರಿಯಿಂದ ಟೆಂಪೋ ಒಂದರ ಫಿಲ್ಟರ್ ಡಬ್ಬಿ, ಎರಡರಷ್ಟು ದೊಡ್ಡದು.
ಅದನ್ನು ಕೂರಿಸಲು ಬ್ಯಾಟರಿ ನಾಲ್ಕು ಬೆರಳು ಸರಿಯಿತು.
ರೇಡಿಯೇಟರಿನ ಬಿಸಿ ಬೆನ್ನನ್ನೇ ಮೂಸುತ್ತಿದ್ದ ಮೂಗನ್ನು
ಹೆಡ್‌ಲೈಟಿನ ಪಕ್ಕಕ್ಕೆ, ಹೊರಗಾಳಿಗೆ ತಿರುಗಿಸಿದೆ.
ಸುಕ್ಕು ರಬ್ಬರ್ ಹೋಗಿ ನೇರ ಕೊಳವೆ ಬಂತು.
ಮ್ಯಾನಿಫೋಲ್ಡು ಹೆಡ್ಡನ್ನು ಸೇರುವಲ್ಲಿ
ಗ್ಯಾಸ್ಕೆಟ್ಟಿನಂಚು ಸಾಸಿವೆಯಷ್ಟು ಒಳಚಾಚಿತ್ತು,
ಗಾಳಿ ದಿನಾ ಅಲ್ಲಿ ಹೊಸ್ತಿಲು ಎಡವುತ್ತಿತ್ತು.
ಆ ಬಾಯೊಳಗೆ ಅಬ್ಬಾನ ಬೆರಳು ಹೋಗುವುದಿಲ್ಲ,
ನನ್ನದು ಹೋಗುತ್ತದೆ.
ಎಮರಿ ಕಾಗದ ಸುತ್ತಿ ಮೂರು ರಾತ್ರಿ ಉಜ್ಜಿದೆ,
ಕನ್ನಡಿಯಾಗುವ ಮೊದಲೇ ನಿಲ್ಲಿಸಿದೆ:
ತೀರಾ ನುಣುಪಿಗೆ ಪೆಟ್ರೋಲು ಅಂಟಿಕೊಳ್ಳುತ್ತದೆ, ತುಸು ತರಿ ಬೇಕು.
ಉಗುರು ಈಗಲೂ ಮೊಂಡು.

ಇಂಜಿನ್ ಶುರು ಮಾಡಿ, ಊದಿನಕಡ್ಡಿ ಹಿಡಿದೆ ಮೂಗಿನೆದುರು.
ಹೊಗೆ ಕ್ಷಣ ಯೋಚಿಸಿತು,
ಆಮೇಲೆ ಸೂಜಿಗೆ ದಾರ ಪೋಣಿಸಿದ ಹಾಗೆ
ನೆಟ್ಟಗೆ ಒಳಗೆ.

ಘಾಟಿನ ಎರಡನೇ ತಿರುವಿನಲ್ಲಿ ಲಾರಿ ಹಿಂದೆ ಬಿತ್ತು ಅಂತೇನಿಲ್ಲ.
ಸ್ವಲ್ಪ ದೂರ ಪಕ್ಕಪಕ್ಕ ಬಂದೆವು.
ಗಾದಿಲಿಂಗನಿಗೆ ಅಷ್ಟು ಸಾಕಾಯಿತು, ಸುಮ್ಮನೆ ಹಾರ್ನ್ ಹೊಡೆದ.

ತಿಂಗಳ ಮೇಲೆ ಆಯಿಲ್ ಬದಲಿಸಲು ಬಂದಾಗ
ಡಬ್ಬಿ ತೆರೆದೆ.
ಹೊಸ ಮೂಗಿಗೆ ಹೊಸ ಟೋಪಿ.
ಎಲಾಸ್ಟಿಕ್ ಅಂಚು, ಒಂದೇ ಪದರ,
ಎರಡು ಸಾಲು ಕಿತ್ತಳೆ ಹೊಲಿಗೆ.
ಬೆಳಕಿಗೆ ಹಿಡಿದೆ: ಆಚೆ ಅಬ್ಬಾ ಕಂಡ, ಕೆಂಪಗೆ,
ಬೀಡಿ ಹುಡುಕುತ್ತಿದ್ದ.
ತುಟಿಗಿಟ್ಟು ಊದಿದೆ. ಗಾಳಿ ಹೋಗುತ್ತದೆ.
ಕೊಡವಿ, ಇದ್ದಲ್ಲೇ ಹಾಕಿದೆ.
ಬಿಲ್ಲಿನಲ್ಲಿ ಬರೆಯಲಿಲ್ಲ.