ಬೇಕಲಕ್ಕೆ ಮುತ್ತಿಗೆ

ಓಣಂ ರಜೆಯ ಆರನೇ ದಿನ
ಮೆಷಿನ್ನಿಗೆ ಬಟ್ಟೆ ಹೊದೆಸಿದೆ.
ಹದಿನಾಲ್ಕು ರವಿಕೆ ಬಾಕಿ ಉಂಟು, ಇರಲಿ.
ಫೋನು ಕಪಾಟಿನೊಳಗೆ ಬೇಕಾದಷ್ಟು ಬಡಬಡಿಸಲಿ.
ಪರ್ದಾ ಹೊಲಿದುಳಿದ ಕಪ್ಪು ತುಂಡುಗಳಲ್ಲಿ
ಮೂರು ಕಣ್ಣುಪಟ್ಟಿ, ಒಂದು ಬಾವುಟ,
ಬಾವುಟಕ್ಕೆ ಬಿಳಿ ಲೈನಿಂಗಿನ ತಲೆಬುರುಡೆ.
ಅದು ಯಾಕೋ ನಗುವ ಹಾಗೆ ಬಂತು,
ಬಿಚ್ಚಿ ಹೊಲಿಯಲಿಕ್ಕೆ ಪುರುಸೊತ್ತಿರಲಿಲ್ಲ.

ಇವತ್ತು ಕಡಲ್ಗಳ್ಳರ ದಿನ.
ಮೊನ್ನೆಯ ಹಳದಿ ದಿನ ಮನೆಯಲ್ಲೇ ಮುಗಿದಿತ್ತು:
ನೇಂದ್ರ ಬಾಳೆ, ಅರಸಿನ, ಕೊನೆಗೆ ಹವೀಶನ ಚಡ್ಡಿ.
ಇವತ್ತಿನದು ಕುಂಬಳೆಯಿಂದ ಬೇಕಲದವರೆಗೆ,
ಹಡಗು ಇವರ ಆಟೋ,
ಕಪ್ತಾನಳು ಮೇಧಿನಿ, ಎರಡನೇ ಕ್ಲಾಸು,
ಜೊತೆಗೆ ಪಕ್ಕದ ಮನೆಯ ಶಮ್ಮಾಸ್,
ಅವನ ಮೀಸೆ ನನ್ನ ಕಾಡಿಗೆಯದು.

ಅತ್ತೆ ಮಾತ್ರ ಪಟ್ಟಿ ಕಟ್ಟಲು ಒಪ್ಪಲಿಲ್ಲ.
"ನಾವು ಕೋಟೆಯವರು ಮಾರಾಯ್ತಿ,
ನಮ್ಮ ಹಿರಿಯರು ಕಾದ ಕೋಟೆ ಅದು.
ಈಗ ಮೊಮ್ಮಕ್ಕಳನ್ನು ಕಟ್ಟಿಕೊಂಡು
ದೋಚಲಿಕ್ಕೆ ಹೋಗುವುದಾ?"
ಹೇಳುತ್ತ ಹೇಳುತ್ತ ಚಕ್ಕುಲಿ ಡಬ್ಬ ಹಿಡಕೊಂಡು
ಎಲ್ಲರಿಗಿಂತ ಮೊದಲು ಹತ್ತಿ ಕೂತರು.

ಹೆದ್ದಾರಿಯ ಅಗೆತದಲ್ಲಿ ಮೊಗ್ರಾಲು ಎಲ್ಲಿ ಮುಗಿಯಿತೋ,
ಹಡಗು ಕುಲುಕಿದ್ದಕ್ಕೆ ಮಕ್ಕಳಿಗೆ ಖುಷಿ, ನನ್ನ ಸೊಂಟಕ್ಕಲ್ಲ.
ಚಂದ್ರಗಿರಿ ಸೇತುವೆ ಬಂದಾಗ
"ಕಡಲು! ಕಡಲು!" ಎಂದು ಹವೀಶ.
"ಹೊಳೆ ಅದು" ಎಂದ ಶಮ್ಮಾಸ್.
ನಾಲ್ಕು ವರ್ಷದವನ ಮುಖ ಸಣ್ಣದಾಯಿತು.
"ಕಡಲಿಗೆ ಹೋಗುವ ದಾರಿಯಲ್ಲುಂಟು" ಎಂದರು ಇವರು,
ಕನ್ನಡಿಯಲ್ಲಿ ಅವನನ್ನು ನೋಡಿ.

ಬಾಗಿಲಲ್ಲೇ ಮೊದಲ ಯುದ್ಧ, ಮೊದಲ ಸೋಲು.
"ವಾಳ್ ಇವಿಡೆ ವೆಕ್ಕಣಂ" ಎಂದ ಕಾವಲುಗಾರ,
ರಟ್ಟಿನ ಮೂರು ಕತ್ತಿಗಳನ್ನು
ನಿಜದ ಕತ್ತಿಗಳ ಹಾಗೆ ಹುಷಾರಾಗಿ ಗೋಡೆಗೊರಗಿಸಿ
ಒಂದು ಚೀಟಿ ಹರಿದು ಬರೆದುಕೊಟ್ಟ: ಹದಿನೇಳು.
ಹವೀಶ ಅದನ್ನು ಮುಷ್ಟಿಯಲ್ಲಿಟ್ಟುಕೊಂಡ.

ನಿಧಿ ನನ್ನ ಬ್ಯಾಗಿನಲ್ಲಿತ್ತು,
ಅಬುದಾಬಿಯಿಂದ ಬಂದ ಬಿಸ್ಕೆಟಿನ ಡಬ್ಬ,
ಬಿಸ್ಕೆಟು ಮುಗಿದು ವರ್ಷ ಹನ್ನೊಂದಾಗಿ
ಈಗ ಅದರ ತುಂಬ ಚಿನ್ನದ ಬಣ್ಣದ ಗುಂಡಿಗಳು.
ಮುರಕಲ್ಲಿನ ಮೆಟ್ಟಿಲ ಸಂದಿಯಲ್ಲಿ ಅಡಗಿಸಿ ಬರುವಾಗ
ಅತ್ತೆ ಕಾಣಲಿಲ್ಲ.

ಮಕ್ಕಳು ಬಗ್ಗಿ ಬಗ್ಗಿ ಗೋಡೆಯ ಹತ್ತಿರ ಹೋದರು.
ಕೋವಿ ಇಡುವ ಕಿಂಡಿಯ ಆಚೆಯಿಂದ
"ಯಾರದು?" ಎಂದಿತು ಒಂದು ದನಿ.
ನಾನು ಹದಿನೈದು ವರ್ಷದಿಂದ ಕೇಳಿದ್ದು ಆ ದನಿಯಲ್ಲ.
ಚಹಕ್ಕೆ ಸಕ್ಕರೆ ಸಾಲದು ಅನ್ನುವ ದನಿಯಲ್ಲ.
"ಯಾರದು? ಅಲ್ಲಿಯೇ ನಿಲ್ಲು!"
ಕಪ್ತಾನಳು ನಿಂತಳು. ಮೀಸೆ ನಿಂತಿತು.
ಕೆಳಗೆ ಕಡಲು ಮಾತ್ರ ನಿಲ್ಲದೆ ಬಂಡೆಗೆ ಬಡಿಯುತ್ತಿತ್ತು.

ಆಗ ಹವೀಶ:
"ನಾನಜ್ಜೀ. ಉಚ್ಚೆ ಬಂತು."

ಅಲ್ಲಿಗೆ ಬೇಕಲದ ಕೋಟೆ ಬಿತ್ತು.
ಕಾವಲಿನವರೇ ಓಡಿ ಬಂದು
ವೈರಿಯ ಚಡ್ಡಿ ಜಾರಿಸಿ ಹುಲ್ಲಿನ ಕಡೆ ತಿರುಗಿಸಿದರು.

ಮತ್ತೆ ಮಳೆ. ಹೇಳದೆ ಕೇಳದೆ ಮಳೆ.
ಕಮಾನಿನ ಅಡಿಗೆ ನುಗ್ಗಿ ನಿಂತೆವು,
ಪಟ್ಟಿಯ ಬಣ್ಣ ಬಿಟ್ಟು
ಮೂವರ ಕೆನ್ನೆಯಲ್ಲೂ ಕಪ್ಪು ನೀರು,
ಅಗ್ಗದ ಬಟ್ಟೆ ಅದು, ನನಗೆ ಗೊತ್ತಿರಬೇಕಿತ್ತು.
ಚಕ್ಕುಲಿ ಮೆತ್ತಗಾಗುವ ಮೊದಲೇ ಖಾಲಿ.

ನಿಧಿ ಸಿಕ್ಕಿತು, ಪಾಲಾಯಿತು, ಜಗಳವಾಯಿತು.
ಹವೀಶನಿಗೆ ಗುಂಡಿ ಬೇಡ.
ಅವನ ಮುಷ್ಟಿಯಲ್ಲಿ ಹದಿನೇಳು ಒದ್ದೆಯಾಗಿ ಮುದ್ದೆಯಾಗಿತ್ತು.
ಹೊರಡುವಾಗ ಕಾವಲುಗಾರ ಕೈ ಚಾಚಿದ.
ಅಷ್ಟಕ್ಕೇ ಶುರುವಾಯಿತು ಅಳು,
ಕೋಟೆಗೆ ಕೋಟೆಯೇ ತಿರುಗಿ ನೋಡುವಂಥದ್ದು.
ಆತ ಕೈ ಹಿಂದೆ ತೆಗೆದುಕೊಂಡ.
ಇನ್ನೊಂದು ಚೀಟಿ ಹರಿದು, ಹದಿನೇಳೆಂದು ಬರೆದು
ತನ್ನ ಮೊಳೆಗೆ ತಾನೇ ಚುಚ್ಚಿಕೊಂಡು
ಕತ್ತಿಗಳನ್ನು ಒಂದೊಂದಾಗಿ ಕೊಟ್ಟ.

ರಾತ್ರಿ ಗುಂಡಿ ಎಣಿಸಿದೆ. ಒಂದು ಕಡಿಮೆ.
ಮತ್ತೆ ಎಣಿಸಿದೆ.
"ಕಿಂಡಿಯಲ್ಲಿ ಇಟ್ಟು ಬಂದೆ" ಎಂದರು ಅತ್ತೆ,
ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ.
ಯಾಕೆಂದು ನಾನು ಕೇಳಲಿಲ್ಲ.
"ನಾಳೆ ಎಂತ ದಿನ?" ಎಂದು ಕೇಳಿದರು ಅವರೇ.
"ರವಿಕೆ ದಿನ" ಎಂದೆ.
ಮೆಷಿನ್ನಿನ ಬಟ್ಟೆ ತೆಗೆದೆ.